ಬಲ್ಬಿನ ಪುಸ್ತಕಕ್ಕೆ ಮಂಗಲವಿಲ್ಲ

ನಮ್ಮ ಮನೆಯಲ್ಲಿ ಬಿಸಿನೆಸ್ ಪುಸ್ತಕಕ್ಕೆ ಕಾಯಿ ಒಡೆದದ್ದೇ ತಪ್ಪಾಯಿತು. ಒಡೆಯದೆ ಸುಮ್ಮನೆ ಓದಲು ಕೂತಿದ್ದರೆ ಅದೊಂದು ಪುಸ್ತಕವಾಗಿ ಉಳಿಯುತ್ತಿತ್ತು, ಬೇಸರ ಬಂದ ದಿನ ಮಡಚಿಟ್ಟು ನಾನು ನನ್ನ ಕೆಲಸ ನೋಡಿಕೊಳ್ಳುತ್ತಿದ್ದೆ. ಊದಿನಕಡ್ಡಿ ಹಚ್ಚಿ, ಕಾಯಿ ಒಡೆದು, ಪುಸ್ತಕಕ್ಕೆ ಕುಂಕುಮ ಇಟ್ಟ ಗಳಿಗೆಯಿಂದ ಅದು ಪುರಾಣವಾಯಿತು. ನಮ್ಮ ಕಡೆ ಪುರಾಣ ಹಚ್ಚುವುದೆಂದರೆ ಹುಡುಗಾಟವಲ್ಲ.

ಶ್ರಾವಣ ಬಂತೆಂದರೆ ಮಠದಲ್ಲಿ, ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಒಮ್ಮೆ ಹಚ್ಚಿದರೆ ಮಂಗಲ ಮಾಡುವ ತನಕ ನಡುವೆ ಕೈಬಿಡುವಂತಿಲ್ಲ. ಮಂಗಲದ ದಿನ ಗೋಧಿ ಹುಗ್ಗಿ ಮಾಡಿ ಬಂದವರಿಗೆಲ್ಲ ಉಣಬಡಿಸಿದರೆ ಬಿಡುಗಡೆ. ನಮ್ಮ ಮಾವನವರ ಮನೆತನದಲ್ಲಿ ಇನ್ನೂ ಒಂದು ಕಟ್ಟು ಇದೆ. ಓದುವವರು ಮಂಗಲದ ತನಕ ಊರ ಸೀಮೆಯಾಚೆ ರಾತ್ರಿ ಉಳಿಯಬಾರದು. ಮಾವನವರ ಹಿರಿಯರು ಬಬಲೇಶ್ವರದವರು, ಅಲ್ಲಿಂದ ಹಿತ್ತಾಳೆ ಭಾಂಡೆಯ ಜೊತೆಗೆ ಈ ಕಟ್ಟನ್ನೂ ಹೊತ್ತುಕೊಂಡೇ ವಿಜಯಪುರಕ್ಕೆ ಬಂದರು. ನಮ್ಮ ಮನೆಯ ಪುರಾಣದಲ್ಲಿ ಓದುವವಳು ನಾನು.

ಜೋರಾಪುರ ಪೇಟೆಯಲ್ಲಿ ನಮ್ಮದು ಭಾಂಡೆ ಅಂಗಡಿ. ಮದುವೆಗೆ ಕೊಡುವ ಕೊಡ, ಹಂಡೆ, ಸ್ಟೀಲಿನ ಡಬ್ಬಿ, ಎಲ್ಲ ಸಿಗುತ್ತದೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಮಾವನವರು ಗಾದಿಯನ್ನು ಮಗನಿಗೆ, ಅಂದರೆ ನನ್ನ ಗಂಡನಿಗೆ, ಬಿಟ್ಟುಕೊಟ್ಟರು. ದಿನವಿಡೀ ಗಿರಾಕಿಗಳ ಜೊತೆ ಮಾತಾಡಿದ ಬಾಯಿಗೆ ಮನೆಯಲ್ಲಿ ಕೂತು ತುಕ್ಕು ಹಿಡಿಯತೊಡಗಿತು. ಆ ಹೊತ್ತಿನಲ್ಲೇ ಹುಬ್ಬಳ್ಳಿಯಲ್ಲಿ ವ್ಯಾಪಾರಸ್ಥರದೊಂದು ದೊಡ್ಡ ಸಭೆಯಾಯಿತು. ಅಲ್ಲಿ ಕೋಟು ತೊಟ್ಟವನೊಬ್ಬ, ಹೊಸ ಪುಸ್ತಕ ಓದದ ವ್ಯಾಪಾರಿ ಅಂಗಡಿಗೆ ಕೀಲಿ ಹಾಕಿ ಮನೆಗೆ ಹೋಗುವುದೇ ಒಳ್ಳೆಯದು ಎಂದನಂತೆ. ಅಷ್ಟು ಜನರ ನಡುವೆ ಅವನು ತಮ್ಮನ್ನೇ ನೋಡಿ ಹೇಳಿದ ಎಂದು ಮಾವನವರಿಗೆ ಅನಿಸಿತು. ಬಾಗಿಲ ಬಳಿ ಮಾರಾಟಕ್ಕಿಟ್ಟಿದ್ದ ಪುಸ್ತಕಗಳನ್ನು ಒಂದು ಚೀಲದ ತುಂಬ ತುಂಬಿಕೊಂಡು ಬಂದರು.

ಹೊಸತನ್ನು ಕಂಡುಹಿಡಿಯುವುದು ಹೇಗೆ, ತಲೆ ಓಡಿಸುವುದು ಹೇಗೆ, ಹಳೆಯ ಧಂದೆಗೆ ಹೊಸ ಜೀವ ತುಂಬುವುದು ಹೇಗೆ, ಎಲ್ಲ ಇಂಥವೇ. ಹೆಚ್ಚಿನವು ಇಂಗ್ಲಿಷಿನವು. ಒಂದೊಂದರ ಮುಖಪುಟದ ಮೇಲೂ ಉರಿಯುವ ಬಲ್ಬಿನ ಚಿತ್ರ. ಅತ್ತೆ ಅವನ್ನು ನೋಡಿ, ಇನ್ನು ಕರೆಂಟಿನ ಅಂಗಡಿ ಇಡುತ್ತೀರೇನು ಎಂದು ಕೇಳಿದರು. ಅಂದಿನಿಂದ ಮನೆಯಲ್ಲಿ ಅವಕ್ಕೆ ಬಲ್ಬಿನ ಪುಸ್ತಕ ಎಂದೇ ಹೆಸರು.

ಪುಸ್ತಕ ಬಂದವು, ಓದುವವರು ಯಾರು? ಮಾವನವರಿಗೆ ಇಂಗ್ಲಿಷ್ ಬಾರದು, ಕನ್ನಡ ಓದಿದರೆ ಕಣ್ಣಲ್ಲಿ ನೀರು. ಓದುವವಳು ಮನೆಯಲ್ಲೇ ಇದ್ದಳಲ್ಲ. ನಾನು ಅರಕೇರಿಯ ಒಕ್ಕಲುತನದ ಮನೆಯವಳು, ವಿಜಯಪುರಕ್ಕೆ ಬಸ್ಸಿನಲ್ಲಿ ಓಡಾಡಿ ಎಂ.ಕಾಂ. ಮುಗಿಸಿದವಳು. ಸೊಸೆ ಎಂ.ಕಾಂ. ಎಂದು ಮಾವನವರು ಬೀಗರಿಗೆಲ್ಲ ಹೇಳಿಕೊಂಡು ಹಿಗ್ಗಿದ್ದರು. ಆಮೇಲೆ ಆ ಎಂ.ಕಾಂ. ಜಿಎಸ್‌ಟಿ ತುಂಬುವುದಕ್ಕೆ ಮತ್ತು ಗ್ಯಾಸ್ ಬುಕ್ ಮಾಡುವುದಕ್ಕೆ ಬಳಕೆಯಾಗುತ್ತಿತ್ತು.

"ಓದಾಕ ನೀ ಅದಿ, ಅರ್ಥ ಹೇಳಾಕ ನಾ ಅದೇನಿ. ಇನ್ನೇನ ಬೇಕ ಯವ್ವಾ?" ಎಂದರು ಮಾವನವರು.

ಹೋದ ಶ್ರಾವಣದ ಒಂದು ಸೋಮವಾರ ಅಟ್ಟದಿಂದ ವ್ಯಾಸಪೀಠ ಇಳಿಯಿತು. ಕಟ್ಟಿಗೆಯ ಆ ಮಡಚುವ ಪೀಠದ ಮೇಲೆ ಹಿಂದೆ ಹಿರಿಯರು ಪುರಾಣ ಇಟ್ಟು ಓದಿದ್ದರಂತೆ. ಅತ್ತೆ ಒರೆಸಿಕೊಟ್ಟರು. ಮಾವನವರು ಪುಸ್ತಕವನ್ನಿಟ್ಟು ಬಲ್ಬಿನ ನಡುವೆ ಸರಿಯಾಗಿ ಕುಂಕುಮ ಹಚ್ಚಿದರು. ಕಾಯಿ ಒಡೆಯಿತು. ನನಗೆ ನಗು ಬಂತು, ಸೆರಗು ಬಾಯಿಗಿಟ್ಟುಕೊಂಡೆ. ಹತ್ತು ದಿನದ ಹುಚ್ಚು, ಗಣಪತಿ ಬರುವಷ್ಟರಲ್ಲಿ ಇಳಿಯುತ್ತದೆ ಎಂದುಕೊಂಡೆ.

ಇಳಿಯಲಿಲ್ಲ. ದಿನವೂ ದೀಪ ಹಚ್ಚಿದ ಮೇಲೆ ಪೇಟೆಯ ಹಿರಿಯ ವ್ಯಾಪಾರಿಗಳು ಒಬ್ಬೊಬ್ಬರಾಗಿ ಬಂದು ಪಡಸಾಲೆಯಲ್ಲಿ ಕೂರತೊಡಗಿದರು. ತಪ್ಪದೆ ಬರುತ್ತಿದ್ದವರು ನಮ್ಮ ಅಂಗಡಿಯ ಎದುರಿಗೆ ಹಗ್ಗ ಮತ್ತು ತಾಡಪತ್ರಿ, ಅಂದರೆ ಟಾರ್ಪಾಲು, ಮಾರುವವರು. ಮಾವನವರಿಗೆ ಹಳೆಯ ಗೆಳೆಯರು, ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಿದ್ದೆ ಹೊಡೆಯುತ್ತಾರೆ ಎಂದು ನಾನು ಬಹಳ ದಿನ ತಿಳಿದಿದ್ದೆ.

ನಾನು ಇಂಗ್ಲಿಷಿನ ಸಾಲನ್ನು ಕಣ್ಣಲ್ಲಿ ಓದಿ ಬಾಯಲ್ಲಿ ಕನ್ನಡ ಮಾಡಿ ಹೇಳಬೇಕು. ಮಾವನವರು ಕೈ ಎತ್ತಿದರೆ ನಿಲ್ಲಿಸಬೇಕು. ಆಮೇಲೆ ಅವರ ಅರ್ಥ. ಗಿರಾಕಿಗೆ ತನಗೇನು ಬೇಕೆಂಬುದು ತನಗೇ ಪೂರ್ತಿ ಗೊತ್ತಿರುವುದಿಲ್ಲ ಎಂದು ಒಂದು ಪುಸ್ತಕದಲ್ಲಿತ್ತು. ಮಾವನವರು ಅದನ್ನು ಹಿಡಿದುಕೊಂಡು, ಮದುಮಗಳ ತಾಯಿ ಅಂಗಡಿಗೆ ಬಂದು ಕೊಡ ಕೇಳುತ್ತಾಳೆ, ಆದರೆ ಅವಳಿಗೆ ಬೇಕಾದದ್ದು ಕೊಡವಲ್ಲ, ಬೀಗರು ನಾಳೆ ತನ್ನ ಮಗಳನ್ನು ಆಡಿಕೊಳ್ಳಬಾರದು ಎಂಬ ಧೈರ್ಯ, ಆ ಧೈರ್ಯ ಮಾರುವವನೇ ವ್ಯಾಪಾರಿ ಎಂದರು. ಮೊದಲು ಸಣ್ಣದಾಗಿ ಮಾಡಿ ನೋಡಿ, ಕೆಟ್ಟರೆ ಸಣ್ಣದೇ ಕೆಡಲಿ ಎಂದು ಇನ್ನೊಂದು ಪುಸ್ತಕ. ಅದಕ್ಕೆ, ಹಂಚು ಕಾದಿದೆಯೋ ಇಲ್ಲವೋ ನೋಡಲು ಹೆಣ್ಣುಮಕ್ಕಳು ಚೂರು ಹಿಟ್ಟು ಒಗೆದು ನೋಡುವುದಿಲ್ಲವೇ ಎಂದರು. ಕೂತವರು ತಲೆದೂಗಿದರು. ನಾನೂ ತೂಗಿದೆ. ಸುಳ್ಳು ಯಾಕೆ ಹೇಳಲಿ, ಎಂ.ಕಾಂ. ಕ್ಲಾಸಿನಲ್ಲಿ ಯಾವ ಮೇಷ್ಟರೂ ಹಾಗೆ ಹೇಳಿರಲಿಲ್ಲ.

ನನ್ನ ಹೊಟ್ಟೆಯುರಿ ಇರುವುದು ಅಲ್ಲೇ. ಅವರಿಗೆ ತಿಳಿಯುತ್ತಿರಲಿಲ್ಲ ಎಂದಿದ್ದರೆ ನಾನು ಅವರನ್ನು ಎಂದೋ ಕ್ಷಮಿಸಿಬಿಡುತ್ತಿದ್ದೆ. ಎಲ್ಲ ತಿಳಿಯುತ್ತಿತ್ತು.

ಮಾವನವರ ಹೆಸರು ಪೇಟೆ ದಾಟಿ ಹೋಯಿತು. ಟಿಕೋಟಾದಿಂದ ಗೊಬ್ಬರದ ಅಂಗಡಿಯವರು, ಬಬಲೇಶ್ವರದಿಂದ ಬಟ್ಟೆ ವ್ಯಾಪಾರಿಗಳು ಸಲಹೆ ಕೇಳಲು ಬಂದರು. ನಾಟಿ ವೈದ್ಯರು ಬೇರು ಕೊಡುವ ಹಾಗೆ ಮಾವನವರು ಪುಸ್ತಕ ಹೇಳುತ್ತಿದ್ದರು. ಮಗ ಅಂಗಡಿಯಲ್ಲಿ ಕೂರುವುದಿಲ್ಲವೇ, ಹಳದಿ ಬಲ್ಬಿನದು ಓದಿಸಿ. ಪಕ್ಕದಲ್ಲಿ ದೊಡ್ಡ ಮಾಲ್ ಬಂತೇ, ಎರಡು ಬಲ್ಬಿನದು. ಅವರು ಮೊಬೈಲಿನಲ್ಲಿ ಮುಖಪುಟದ ಫೋಟೋ ಹೊಡೆದುಕೊಂಡು ಹೋಗುತ್ತಿದ್ದರು. ಒಬ್ಬರಾದರೂ ಕೊಂಡು ಓದಿದ್ದನ್ನು ನಾನು ಕಂಡಿಲ್ಲ. ಓದಲು ನಾನಿದ್ದೆನಲ್ಲ, ಮತ್ತೆ ಬಂದು ಕೇಳಿದರಾಯಿತು.

ಇದರ ನಡುವೆ ಎಳ್ಳಮಾಸಿ, ಎಳ್ಳು ಅಮಾವಾಸ್ಯೆ, ಬಂತು. ಬಿಜ್ಜರಗಿಯಲ್ಲಿ ನಮ್ಮದೊಂದು ದ್ರಾಕ್ಷಿ ತೋಟವಿದೆ, ಪಾಲಿಗೆ ಕೊಟ್ಟಿದ್ದೇವೆ. ತೋಟದ ದಂಡೆಗೆ ಮಣೂಕದ ಶೆಡ್ಡು. ದ್ರಾಕ್ಷಿಯನ್ನು ಒಣಗಿಸಿ ಮಣೂಕ ಮಾಡುವುದು ಅಲ್ಲೇ. ಮೇಲೆ ತಗಡು, ನಾಲ್ಕೂ ಕಡೆ ಬಯಲು, ಒಳಗೆ ಒಂದರ ಮೇಲೊಂದು ಬಲೆಯಂಥ ಜಾಳಿಗೆಯ ಅಂತಸ್ತು. ಬೇಸಿಗೆಯ ಮೊದಲ ಮೂರು ತಿಂಗಳು ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಉಳಿದ ವರ್ಷವೆಲ್ಲ ಆಡು ಮಲಗುತ್ತವೆ. ಭೂತಾಯಿಯ ಎಡೆಯೆಂದು ಹೊಲಕ್ಕೆ ಚರಗ ಚೆಲ್ಲಿ, ಶೆಡ್ಡಿನ ನೆರಳಲ್ಲಿ ಕೂತು ಉಂಡು ಬಂದೆವು. ಊಟಕ್ಕೆಂದು ಒಯ್ದಿದ್ದ ಮೆಂತ್ಯಪಲ್ಲೆಯ ಒಂದು ಸಿವುಡನ್ನು ಬಿಡಿಸಿ ಆಡಿಗೆ ಎಟುಕದ ಮೇಲಿನ ಜಾಳಿಗೆಯಲ್ಲಿ ಹರವಿದ್ದವಳು ಅಲ್ಲೇ ಮರೆತೆ. ಮುಂದಿನ ವಾರ ಬಿಟ್ಟುಬಂದ ಬುತ್ತಿಯ ಡಬ್ಬಿ ತರಲು ಹೋದಾಗ ನೋಡಿದರೆ ಎಲೆ ಗರಿಗರಿಯಾಗಿ ಒಣಗಿತ್ತು, ಬಣ್ಣ ಮಾತ್ರ ಹಸಿರು ಹಸಿರೇ. ನಾವು ಮಾಳಿಗೆಯ ಬಿಸಿಲಲ್ಲಿ ಒಣಗಿಸಿದರೆ ಹಳದಿಗೆ ತಿರುಗುತ್ತದೆ. ಕೈಯಲ್ಲಿ ತಿಕ್ಕಿ ಮೂಸಿದೆ. ಶೆಡ್ಡಿನ ತುಂಬ ವಾಸನೆ ಎದ್ದಿತು.

ಆವತ್ತಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಮೆಂತ್ಯ, ಕರಿಬೇವು, ಉಳ್ಳಾಗಡ್ಡಿ, ನುಗ್ಗೆಸೊಪ್ಪು. ಖಾಲಿ ಬಿದ್ದ ಶೆಡ್ಡು, ಬೇಡವೆಂದರೂ ಬೀಸುವ ಟಿಕೋಟಾ ಸೀಮೆಯ ಗಾಳಿ, ಮಣೂಕ ಆರಿಸಿ ಕೈ ಪಳಗಿದ ಹೆಣ್ಣುಮಕ್ಕಳು. ಎಲ್ಲ ಇತ್ತು. ಶೆಡ್ಡು ನನ್ನ ಕೈಗೆ ಬರಬೇಕಿತ್ತು, ಅಷ್ಟೇ. ಮದುವೆಯಾದ ಮೇಲೆ ನಾನು ನನಗಾಗಿ ಕೇಳಿದ ಮೊದಲ ವಸ್ತು ಅದು. ಬೆಳಿಗ್ಗೆ ಚಹಾ ಕೊಡುತ್ತ ಮಾವನವರಿಗೆ ಹೇಳಿದೆ. ಸುರುವಿಗೆ ಸ್ವಲ್ಪ ದಿನ ಬಿಜ್ಜರಗಿಯಲ್ಲೇ ಉಳಿದು ಹದ ನೋಡಬೇಕಾಗುತ್ತದೆ ಎಂದೂ ಹೇಳಿದೆ. ಅವರು ಬೇಡ ಎನ್ನಲಿಲ್ಲ. ಪ್ರೀತಿಯಿಂದಲೇ, ಮಂಗಲ ಒಂದು ಆಗಲಿ ಎಂದರು.

ಮಂಗಲ ಆಗುವುದಾದರೂ ಹೇಗೆ? ಒಂದು ಪುಸ್ತಕದ ಕೊನೆಯ ಅಧ್ಯಾಯ ಬಂತೆಂದರೆ ಮಾವನವರು ಅದರ ಅಡಿಗೆ ಇನ್ನೊಂದನ್ನು ಇಟ್ಟುಬಿಡುತ್ತಿದ್ದರು. ಇವೆಲ್ಲ ಒಂದೇ ಪುರಾಣದ ಸಂಧಿಗಳು, ನಡುವೆ ಎಲ್ಲಿಯ ಮಂಗಲ ಎನ್ನುವುದು ಅವರ ವಾದ. ಹುಗ್ಗಿಗೆಂದು ಕುಟ್ಟಿಸಿಟ್ಟ ಗೋಧಿಯನ್ನು ಅತ್ತೆ ಎರಡು ಸಲ ಹೊರತೆಗೆದು ಎರಡು ಸಲ ಒಳಗಿಟ್ಟರು. ನನ್ನ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಅರಕೇರಿಗೆ ಬೆಳಿಗ್ಗೆ ಹೋಗಿ, ಹೊತ್ತು ಮುಳುಗುವ ಮೊದಲೇ ಎದ್ದುಬಂದೆ. ಅವ್ವ ಬಸ್ ಸ್ಟ್ಯಾಂಡಿನ ತನಕ ಬಂದವಳು, ಒಂದು ರಾತ್ರಿಯೂ ಬಿಡುವುದಿಲ್ಲವೇನು ಎಂದು ಕೇಳಿದಳು. ಪುಸ್ತಕ ಬಿಡುವುದಿಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ, ನನಗೂ ಬಿಡಿಸಿ ಹೇಳಲು ಮನಸ್ಸಾಗಲಿಲ್ಲ.

ಮನೆಗೆ ಬಂದು ಅದೇ ಸಂಜೆ ನಾನು ಓದಿದ್ದು ಏನು ಗೊತ್ತೇ? ಮನೆಯವರ ಪ್ರತಿಭೆಯನ್ನು ಕಟ್ಟಿಹಾಕುವ ಸಂಸ್ಥೆ ಒಳಗಿಂದಲೇ ಸಾಯುತ್ತದೆ ಎಂಬ ಅಧ್ಯಾಯ. ಮಾವನವರು ಅದಕ್ಕೆ ಎಷ್ಟು ಚಂದ ಅರ್ಥ ಹೇಳಿದರೆಂದರೆ, ಅತ್ತೆ ಅಡುಗೆಮನೆಯಿಂದ ಈಚೆ ಬಂದು ನಿಂತು ಕೇಳಿದರು. ನಾನು ಪೀಠದ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಎದ್ದು ಚೀರಬೇಕು ಎನಿಸಿತು. ಪುಟ ತಿರುವಿದೆ.

ಬಸವ ಜಯಂತಿ ಕಳೆದು ಮಣೂಕದ ಹಂಗಾಮು ಮುಗಿಯಿತು, ಶೆಡ್ಡು ಮತ್ತೆ ಖಾಲಿಯಾಯಿತು. ನನ್ನ ಮಾತನ್ನು ಮಾತಾಗಿ ಹೇಳಿದರೆ ಇವರ ಕಿವಿಗೆ ಇಳಿಯುವುದಿಲ್ಲ, ವ್ಯಾಸಪೀಠದ ಮೇಲಿನಿಂದ ಬಂದರೆ ಇಳಿಯುತ್ತದೆ ಎಂದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ಇಂಗ್ಲಿಷ್ ಪುಸ್ತಕ, ಕನ್ನಡ ನನ್ನ ಬಾಯಲ್ಲಿ. ನಾನು ಹೇಳಿದ್ದು ಪುಸ್ತಕದಲ್ಲಿದೆಯೋ ಇಲ್ಲವೋ ಎಂದು ನೋಡುವವರು ಅಲ್ಲಿ ಯಾರೂ ಇರಲಿಲ್ಲ. ಒಂದು ಸಂಜೆ, ಬಳಕೆಯಾಗದೆ ಬಿದ್ದ ಆಸ್ತಿಯ ಬಗ್ಗೆ ಓದುತ್ತಿದ್ದವಳು ಕಣ್ಣನ್ನು ಪುಟದ ಮೇಲೆಯೇ ಇಟ್ಟು ನನ್ನದನ್ನು ಸುರು ಮಾಡಿದೆ.

ಯಾವುದೋ ದೇಶದಲ್ಲಿ ಒಂದು ಮನೆತನ. ಅವರಿಗೆ ಹಣ್ಣು ಒಣಗಿಸುವ ಶೆಡ್ಡು. ಮೂರು ತಿಂಗಳು ಕೆಲಸ, ಒಂಬತ್ತು ತಿಂಗಳು ಖಾಲಿ. ಆ ಮನೆಯ ಸೊಸೆ ಒಂದು ದಿನ ಜಾಳಿಗೆಯ ಮೇಲೆ ಸೊಪ್ಪು ಹರವಿದಳು. ನೆರಳಲ್ಲಿ, ಗಾಳಿಯಲ್ಲಿ ಒಣಗಿದ ಸೊಪ್ಪು ಹಸಿರಾಗಿಯೇ ಉಳಿಯಿತು. ಮನೆಯವರು ಶೆಡ್ಡನ್ನು ಅವಳ ಕೈಗೆ ಕೊಟ್ಟರು. ಅವಳು ಊರಿನ ಹೆಣ್ಣುಮಕ್ಕಳಿಗೆಲ್ಲ ಕೆಲಸ ಕೊಟ್ಟಳು. ನನ್ನ ದನಿ ನನಗೇ ಬೇರೆಯಾಗಿ ಕೇಳಿಸುತ್ತಿತ್ತು.

ಮಾವನವರು ಕೈ ಎತ್ತಿದರು. ಆಮೇಲೆ, ಇದು ಯಾವ ದೇಶದ ಕಥೆಯಾದರೇನು, ನಮ್ಮ ಬಿಜ್ಜರಗಿಯ ಶೆಡ್ಡಿನ ಕಥೆಯೇ ಅಲ್ಲವೇ ಎಂದರು. ಆಡು ಮಲಗಿಸಲು ನಾವು ತಗಡು ಹೊದಿಸಿದ್ದೇವೆ, ನಮ್ಮಷ್ಟು ದಡ್ಡರು ಯಾರಿದ್ದಾರೆ ಎಂದು ತಮ್ಮನ್ನು ತಾವೇ ಬೈದುಕೊಂಡರು. ಕೂತವರೆಲ್ಲ ನಕ್ಕರು. ತಾಡಪತ್ರಿಯವರು ಅಂದು ಕಣ್ಣು ತೆರೆದು ಕೇಳುತ್ತಿದ್ದರು. ಯಾವ ಯಾವ ಸೊಪ್ಪು ಎಂದು ಪುಸ್ತಕದಲ್ಲಿ ಬರೆದಿದ್ದಾರೆಯೇ ಎಂದು ಕೇಳಿದರು. ಗೆದ್ದ ಹುರುಪಿನಲ್ಲಿದ್ದ ನಾನು ಮೆಂತ್ಯ, ಕರಿಬೇವು ಎಂದೆಲ್ಲ ಓದಿ ಹೇಳಿದೆ. ಯಾವ ದೇಶದಲ್ಲಿ ಮೆಂತ್ಯ ಬೆಳೆಯುತ್ತಾರೆ ಎಂದು ಯಾರೂ ಕೇಳಲಿಲ್ಲ.

ಮರುದಿನ ನಾನು ಹಾಡಿಕೊಂಡು ರೊಟ್ಟಿ ಬಡಿದೆ. ಮಾವನವರು ಕರೆಯುತ್ತಾರೆ, ಶೆಡ್ಡಿನ ಮಾತು ತೆಗೆಯುತ್ತಾರೆ ಎಂದು ಕಿವಿಯೆಲ್ಲ ಪಡಸಾಲೆಯ ಕಡೆಗೇ. ಮಧ್ಯಾಹ್ನ ತಾಡಪತ್ರಿಯವರು ಪೇಡೆಯ ಪೊಟ್ಟಣ ಹಿಡಿದು ಬಂದರು. ನಾನು ನೀರು ಒಯ್ಯುವಷ್ಟರಲ್ಲಿ ಮಾತು ಮುಗಿದಿತ್ತು. ದ್ರಾಕ್ಷಿ ಹಂಗಾಮಿನ ತನಕ ಶೆಡ್ಡು ಅವರಿಗೆ. ಚೆನ್ನಾಗಿ ನಡೆದರೆ ಮುಂದೆ ಪ್ರತಿ ವರ್ಷವೂ ಅವರಿಗೇ.

ಅವರು ಹೋದ ಮೇಲೆ ಕೇಳಿದೆ.

"ಮಾವಾರ, ಆ ಶೆಡ್ಡು ನಾ ಕೇಳಿದ್ನಲ್ರಿ?"

"ನೀ ಪುರಾಣಕ್ಕ ಕುಂತಾಕಿ ಯವ್ವಾ. ಅರ್ಧಕ್ಕ ಎದ್ದು ಹೋಗಾಕ ಬರ್ತೈತೇನ? ಪುಸ್ತಕ ಕೇಳಿ ಒಬ್ರ ಬದುಕು ಹಸನ ಆಗ್ಲಿಕ್ಕತ್ತೈತಿ, ಅದರ ಪುಣ್ಯೆ ಓದಿದಾಕಿಗೆ ಬರ್ತೈತಿ."

ಪುಣ್ಯವನ್ನು ಯಾವ ಡಬ್ಬಿಯಲ್ಲಿ ಹಾಕಿಡಲಿ? ಒಳಗೆ ಹೋಗಿ ಒಣಗಿದ ಬಟ್ಟೆಯನ್ನೇ ಮತ್ತೊಮ್ಮೆ ಹಿಂಡಿದೆ.

ಗಂಡನಿಗೆ ಎಲ್ಲ ಹೇಳಿದೆ, ಪುಸ್ತಕದಲ್ಲಿ ಇಲ್ಲದ್ದನ್ನು ಓದಿದ್ದನ್ನೂ ಹೇಳಿದೆ. ಅವನು ಒಳ್ಳೆಯವನು, ಇಷ್ಟು ವರ್ಷದಲ್ಲಿ ಒಂದು ಒರಟು ಮಾತು ಆಡಿದವನಲ್ಲ. ಮೊದಲು ನಕ್ಕ, ಆಮೇಲೆ ಗಾಬರಿಯಾದ. ಅದನ್ನು ಬಾಯಿಬಿಟ್ಟರೆ ಪೇಟೆಯ ಮುಂದೆ ಅಪ್ಪನ ಮುಖ ಏನಾಗುತ್ತದೆ ಎಂದು ಕೇಳಿದ. ಇಲ್ಲದ ಪುಟಕ್ಕೆ ಅರ್ಥ ಹೇಳಿದ ಮುದುಕ ಎಂದು ಜನ ಸಾಯುವ ತನಕ ಆಡಿಕೊಳ್ಳುವುದಿಲ್ಲವೇ ಎಂದ. ಅದೂ ನಿಜವೇ ಆಗಿತ್ತು. ನನ್ನ ಕುಣಿಕೆಯನ್ನು ನಾನೇ ಹೆಣೆದಿದ್ದೆ, ಎಳೆದಷ್ಟೂ ಅದು ನನಗೇ ಬಿಗಿಯುತ್ತಿತ್ತು.

ಕಾರಹುಣ್ಣಿಮೆ ಆದ ಮೇಲೆ ಶೆಡ್ಡಿನ ಪೂಜೆಗೆ ನಮ್ಮನ್ನೆಲ್ಲ ಕರೆದರು. ಟಿಕೋಟಾ ದಾಟಿ ಬಿಜ್ಜರಗಿಯ ದಾರಿಗೆ ಹೊರಳುವಾಗ ಮಾವನವರು, ದೀಪ ಹಚ್ಚುವ ಹೊತ್ತಿಗೆ ಊರು ಸೇರಬೇಕು, ಪುರಾಣವಿದೆ ಎಂದು ಡ್ರೈವರನಿಗೆ ನೆನಪು ಮಾಡಿದರು. ಶೆಡ್ಡು ದೂರದಿಂದಲೇ ನೀಲಿಯಾಗಿ ಕಂಡಿತು. ತಾಡಪತ್ರಿಯವರು ತಮ್ಮ ಅಂಗಡಿಯ ಹೊಸ ತಾಡಪತ್ರಿಗಳನ್ನು ತಂದು ನಾಲ್ಕೂ ಕಡೆ ಕಟ್ಟಿಸಿದ್ದರು. ಒಂದು ಹನಿ ಮಳೆ, ಒಂದು ಚಿಟಿಕೆ ಧೂಳು ಒಳಗೆ ಬರುವುದಿಲ್ಲ ನೋಡ್ರಿ ಎಂದು ಅಭಿಮಾನದಿಂದ ತೋರಿಸಿದರು. ಬದುಕಿಡೀ ತಾಡಪತ್ರಿ ಮಾರಿದ ಮನುಷ್ಯ, ಯಾವುದನ್ನೇ ಕೊಟ್ಟರೂ ಮೊದಲು ಹೊದಿಸುತ್ತಾರೆ. ಒಳಗೆ ಕಾಲಿಟ್ಟರೆ ಬಚ್ಚಲಿನ ಸೆಕೆ. ಹೆಣ್ಣುಮಕ್ಕಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕರಿಬೇವು ಹರವುತ್ತಿದ್ದರು. ಒಳಗೆ ಬಂದ ಕೂಡಲೇ ನನಗೆ ಗೊತ್ತಾಯಿತು, ಇದು ಒಣಗುವುದಿಲ್ಲ, ಕೊಳೆಯುತ್ತದೆ.

ಹೇಳಲಿಲ್ಲ. ಉಡಿ ತುಂಬಿದರು, ತುಂಬಿಸಿಕೊಂಡೆ. ಕೊಟ್ಟ ಹೋಳಿಗೆ ಉಂಡೆ. ಕೊಳೆಯಲಿ ಬಿಡು, ಬೇಸತ್ತು ಶೆಡ್ಡನ್ನು ತಾವೇ ಬಿಟ್ಟುಕೊಡುತ್ತಾರೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಕೆಟ್ಟ ಲೆಕ್ಕ ಎಂದು ನನಗೆ ಗೊತ್ತಿತ್ತು, ಆದರೂ ಮನಸ್ಸಿಗೆ ಹಿತವಾಗಿತ್ತು. ಸಂಜೆ ಕೈಕಾಲು ತೊಳೆದು ಪೀಠದ ಮುಂದೆ ಕೂತಾಗ ಬಹಳ ದಿನದ ಮೇಲೆ ನನ್ನ ದನಿ ತಿಳಿಯಾಗಿತ್ತು.

ಮಳೆ ಹಿಡಿಯಿತು. ಮಾವನವರು ಕೊನೆಗೂ, ಈ ಶ್ರಾವಣಕ್ಕೆ ವರ್ಷ ತುಂಬುತ್ತದೆ, ಮಂಗಲ ಮಾಡೋಣ ಎಂದರು. ಅತ್ತೆ ಗೋಧಿಯನ್ನು ಮೂರನೇ ಸಲ ಹೊರತೆಗೆದು, ಮಳೆ ಬಿಟ್ಟ ಹೊತ್ತು ನೋಡಿ ಬಿಸಿಲಿಗೆ ಹಾಕಿದರು. ನಾನು ದಿನ ಎಣಿಸತೊಡಗಿದೆ. ಮಂಗಲ ಆಗುತ್ತದೆ, ಶೆಡ್ಡು ತಿರುಗಿ ಬರುತ್ತದೆ, ಬುತ್ತಿ ಕಟ್ಟಿಕೊಂಡು ಬಿಜ್ಜರಗಿಯ ಬಸ್ಸು ಹತ್ತುತ್ತೇನೆ.

ಆ ಸಂಜೆ ಎಲ್ಲರೂ ಬಂದು ಕೂತಿದ್ದರು. ತಾಡಪತ್ರಿಯವರು ತಡವಾಗಿ ಬಂದರು. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ವ್ಯಾಸಪೀಠದ ಮುಂದೆ ಸುರುವಿದರು. ಕರ್ರಗಾದ ಮೆಂತ್ಯ, ಒಂದಕ್ಕೊಂದು ಅಂಟಿಕೊಂಡ ಕರಿಬೇವು. ಮುಗ್ಗಲು ವಾಸನೆ ಪಡಸಾಲೆಯನ್ನೆಲ್ಲ ತುಂಬಿತು. ಅವರು ಸಿಟ್ಟು ಮಾಡಲಿಲ್ಲ. ಸೋತ ದನಿಯಲ್ಲಿ, ಇದು ನಮ್ಮ ಕಡೆ ಆಗುವ ಮಾತಲ್ಲ, ನಾಳೆ ಶೆಡ್ಡು ಖಾಲಿ ಮಾಡಿ ಬಿಟ್ಟುಕೊಡುತ್ತೇನೆ ಎಂದರು.

ನಾನು ಕಾಯುತ್ತಿದ್ದ ಮಾತು ಅದೇ. ಕೇಳಿದ ಕೂಡಲೇ ಎದೆ ಹಗುರಾಗಬೇಕಿತ್ತು. ಅಷ್ಟರಲ್ಲಿ ಮಾವನವರು ಎಲೆಯನ್ನು ಕೈಯಲ್ಲಿ ಹಿಡಿದು ನೋಡಿ, ಪುಸ್ತಕದವರು ತಮ್ಮ ದೇಶದ ಹವೆ ನೋಡಿ ಬರೆದಿರುತ್ತಾರೆ, ನಮ್ಮ ನೆಲಕ್ಕೆ ಇದು ಒಗ್ಗದು, ಇನ್ನು ಈ ಶೆಡ್ಡಿನಲ್ಲಿ ಮಣೂಕ ಬಿಟ್ಟು ಬೇರೆ ಮಾತಿಲ್ಲ ಎಂದು ತೀರ್ಪು ಕೊಟ್ಟರು. ಕೂತವರು ಹೌದು ಹೌದು ಎಂದರು. ಆಗ ನನಗೆ ತಿಳಿಯಿತು. ತಾಡಪತ್ರಿಯವರು ಗೆದ್ದರೆ ಶೆಡ್ಡು ಅವರದು, ಸೋತರೆ ನನ್ನ ಯೋಚನೆಯೇ ಸುಳ್ಳು. ನನಗೆ ಯಾವ ಕಡೆಯೂ ಬಾಗಿಲು ಇರಲಿಲ್ಲ.

ಎಳ್ಳಮಾಸಿಯ ಆ ಹಸಿರು ಎಲೆಯನ್ನು ನನ್ನ ಕೈಯಾರೆ ತಿಕ್ಕಿ ಮೂಸಿದ್ದೆ. ಅದು ಸುಳ್ಳಾಗಲು ಬಿಡುವುದು ನನ್ನಿಂದ ಆಗಲಿಲ್ಲ.

"ಇದು ಪುಸ್ತಕದಾಗ ಇಲ್ರಿ ಮಾವಾರ. ಆವತ್ತ ಓದಿದ್ದು ನಂದು. ನಾ ಬಿಜ್ಜರಗ್ಯಾಗ ಮಾಡಿ ನೋಡಿ, ನಂದ ಬಾಯಿಲೆ ಹೇಳಿದ್ದು. ಬೇಕಾದ್ರ ಯಾರಿಗೆರ ತೋರಸ್ರಿ, ಆ ಪುಟಾನ ಇಲ್ಲ."

ಬಾಗಿಲಲ್ಲಿ ನಿಂತಿದ್ದ ಗಂಡ ತಲೆ ತಗ್ಗಿಸಿದ. ಮಾವನವರು ನನ್ನ ಮುಖ ನೋಡಿದರು, ಪುಸ್ತಕ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿ, ಎಬ್ಬಿಸಿ ಕಳಿಸಲಿ, ಅದಾದರೂ ಒಂದು ಬಿಡುಗಡೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅವರ ಕಣ್ಣು ತುಂಬಿ ಬಂದವು. ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಕೂತವರ ಕಡೆ ತಿರುಗಿ, ಓದಿ ಓದಿ ನನ್ನ ಸೊಸೆ ತಾನೇ ಪುಸ್ತಕ ಆಗ್ಯಾಳ ನೋಡ್ರಿ ಎಂದರು. ಹಿಂದೆ ಮಠದಲ್ಲಿ ಓದುವವರಿಗೆ ಹೀಗೇ ಆಗುತ್ತಿತ್ತಂತೆ, ಪುಟ ಮುಗಿದರೂ ಬಾಯಿಂದ ಪುರಾಣ ಬರುತ್ತಿತ್ತಂತೆ. ಜನ ಚಪ್ಪಾಳೆ ತಟ್ಟಿದರು. ಒಬ್ಬ ಹಿರಿಯರು ಕೈ ಮುಗಿದರು, ನನಗೆ.

"ಇನ್ನ ಮಂಗಲದ ಮಾತ ಯಾಕ?" ಎಂದರು ಮಾವನವರು. ಅವರ ದನಿಯಲ್ಲಿ ಪ್ರೀತಿ ಬಿಟ್ಟರೆ ಬೇರೇನೂ ಇರಲಿಲ್ಲ. "ಪುಸ್ತಕ ಮುಗದ್ರ ಮುಗೀಲಿ. ನೀ ಅದಿಯಲ್ಲ, ನೀ ಎಲ್ಲಿ ಹೋಗ್ತಿ?"

ಅತ್ತೆ ಅಡುಗೆಮನೆಯಲ್ಲಿ ಗೋಧಿಯ ಡಬ್ಬಿಯ ಮುಚ್ಚಳ ಹಾಕಿದ ಸಪ್ಪಳ ಕೇಳಿಸಿತು.

ಶೆಡ್ಡಿನ ಮಾತು ಯಾರಿಗೂ ನೆನಪಿರಲಿಲ್ಲ, ತಾಡಪತ್ರಿಯವರೊಬ್ಬರನ್ನು ಬಿಟ್ಟು. ಅವರು ಮುಂದೆ ಸರಿದು ಕೂತು, ಕರ್ರಗಿನ ಎಲೆಯನ್ನು ಅಂಗೈಯಲ್ಲಿ ಹಿಡಿದು ನನ್ನ ಕಡೆ ಚಾಚಿದರು. ಹಂಗಾರ ನೀನ ಹೇಳ ತಂಗಿ, ಈಗ ಏನ ಮಾಡೂದು ಎಂದು ಕೇಳಿದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನಗೆ ಅಳು ಬರುತ್ತಿತ್ತು, ಸಿಟ್ಟು ಬರುತ್ತಿತ್ತು. ಸುಮ್ಮನಿದ್ದುಬಿಡಬೇಕು ಎಂದು ಹಲ್ಲು ಕಚ್ಚಿದೆ. ಬಿಜ್ಜರಗಿಯಲ್ಲಿ ಜಾಳಿಗೆಯ ಮೇಲೆ ಇನ್ನೂ ಉಳಿದ ಸೊಪ್ಪು ಒಂದರ ಮೇಲೊಂದು ಬಿದ್ದು ಕೊಳೆಯುತ್ತಿರುವುದು ಕಣ್ಣಿಗೆ ಕಟ್ಟಿತು.

"ತಾಡಪತ್ರಿ ಬಿಚ್ಚಸ್ರಿ," ಎಂದೆ. "ಗಾಳಿ ಆಡ್ಲಿ."

ಮಾವನವರು ಕೈ ಎತ್ತಿ, ಕೂತವರ ಕಡೆ ತಿರುಗಿ, ಅದಕ್ಕೆ ಅರ್ಥ ಹೇಳತೊಡಗಿದರು.